ಒಂಬತ್ತು ಅಂತ ಬರ್ಕೊಳ್ಳಿ

ಆ ಶನಿವಾರ ಮಧ್ಯಾಹ್ನ ನಾವಿಬ್ಬರೂ ಅವರೆಕಾಯಿ ಬಿಡಿಸುತ್ತಾ ಕೂತಿದ್ದೆವು. ನಮ್ಮ ಯಜಮಾನರು ಹೆಬ್ಬಾಳದ ಫ್ಯಾಕ್ಟರಿಯಲ್ಲಿ ಮೊದಲ ಶಿಫ್ಟ್ ಮುಗಿಸಿ ಬಂದಿದ್ದರು. ಬಸ್ಸಿನಲ್ಲಿ ಸೀಟು ಸಿಕ್ಕಿತ್ತು, ಸ್ತೋತ್ರ. ನಲ್ಲಿಯಲ್ಲಿ ಇನ್ನೂ ನೀರು ಬರುತ್ತಿತ್ತು, ಸ್ತೋತ್ರ. ನಮ್ಮ ಚರ್ಚಿನ ಸಭೆಯಲ್ಲಿ ಎದುರಾದವರಿಗೆ ನಮಸ್ಕಾರದ ಬದಲು ಸ್ತೋತ್ರ, ಅಂದರೆ ದೇವರಿಗೆ ವಂದನೆ, ಅನ್ನುತ್ತೇವೆ. ಹೇಗಿದ್ದೀರಿ ಎಂದರೂ ಅದೇ ಉತ್ತರ. ಇವರಂತೂ ದಿನವಿಡೀ, ಸಣ್ಣಪುಟ್ಟದಕ್ಕೆಲ್ಲ ಹೇಳುತ್ತಿದ್ದರು.

"ಹುಳ ಸಿಕ್ತು ನೋಡಿ. ಇದಕ್ಕೂ ಒಂದು ಸ್ತೋತ್ರ ಹೇಳ್ಬುಡಿ" ಎಂದೆ.

"ನಮಗಿಂತ ಮುಂಚೆ ಅದು ರುಚಿ ನೋಡಿದೆ ಅಂದ್ರೆ ಕಾಳು ಚೆನ್ನಾಗಿದೆ ಕಣೇ. ಸ್ತೋತ್ರ" ಎಂದರು.

ಆವತ್ತು ಎರಡು ಮುದ್ದೆ ಉಂಡರು. ಮರುದಿನ ಅರ್ಧ ಮುದ್ದೆ ಬಿಟ್ಟು ಎದ್ದರು. ಹೊಟ್ಟೆಯನ್ನು ಕೈಯಲ್ಲಿ ಒತ್ತಿ ಹಿಡಿದಿದ್ದರು.

ಎರಡು ವಾರದ ನಂತರ ಒತ್ತಾಯ ಮಾಡಿ ಕ್ಲಿನಿಕ್‌ಗೆ ಕರೆದುಕೊಂಡು ಹೋದೆ. ನೋವಿದೆಯಾ ಎಂದು ಡಾಕ್ಟರ್ ಕೇಳಿದರು. "ಸ್ತೋತ್ರ, ಆರಾಮಾಗಿದೀನಿ ಡಾಕ್ಟ್ರೇ. ಊಟ ಸೇರಲ್ಲ ಅಷ್ಟೇ" ಎಂದರು ಇವರು. ಡಾಕ್ಟರ್ ಗ್ಯಾಸ್ಟ್ರಿಕ್ ಮಾತ್ರೆ ಬರೆದುಕೊಟ್ಟರು.

ನಾನು ಪಕ್ಕದಲ್ಲೇ ಕೂತಿದ್ದೆ. ಅದೇ ಬೆಳಿಗ್ಗೆ ಇವರು ಶೂ ಲೇಸ್ ಕಟ್ಟಲು ಬಗ್ಗಿ, ಏಳಲಾಗದೆ ಗೋಡೆ ಹಿಡಿದು ನಿಂತಿದ್ದನ್ನು ನೋಡಿದ್ದೆ. ಆದರೂ ಬಾಯಿ ಬಿಡಲಿಲ್ಲ. ದೇವರಿಗೆ ಸ್ತೋತ್ರ ಹೇಳುತ್ತಿರುವ ಗಂಡನನ್ನು ಡಾಕ್ಟರ ಮುಂದೆ ಸುಳ್ಳುಗಾರ ಮಾಡುವುದು ಹೇಗೆ? ಅದು ಅವಿಶ್ವಾಸ ಅನ್ನಿಸಿತು. ಮೂರು ಸಲ ಹೋದೆವು. ಮೂರು ಸಲವೂ ಅವರು ಸ್ತೋತ್ರ ಅಂದರು, ನಾನು ಸುಮ್ಮನಿದ್ದೆ.

ಆಮೇಲೆ ಕಣ್ಣು ಹಳದಿಯಾಯಿತು. ದೊಡ್ಡ ಆಸ್ಪತ್ರೆಗೆ ಕಳಿಸಿದರು. ಸ್ಕ್ಯಾನ್ ಆಯಿತು.

ಪ್ಯಾಂಕ್ರಿಯಾಸ್ ಕ್ಯಾನ್ಸರ್. ಲಿವರ್‌ಗೂ ಹರಡಿತ್ತು.

ಅಲ್ಲಿನ ಡಾಕ್ಟರ್ ಹಳೆಯ ಚೀಟಿಗಳನ್ನು ತಿರುವಿ, "ನೋವೇ ಇಲ್ಲ ಅಂತ ಬರೆದಿದೆಯಲ್ಲಮ್ಮ" ಎಂದರು. ಮುಂಚೆಯೇ ಹೇಳಿದ್ದರೆ ಉಳಿಯುತ್ತಿದ್ದರಾ ಎಂದು ಕೇಳಿದೆ. ಹೇಳುವುದು ಕಷ್ಟ ಎಂದರು. ಹೌದು ಅಂದಿದ್ದರೆ ನನ್ನನ್ನು ಬೈದುಕೊಳ್ಳಬಹುದಿತ್ತು. ಇಲ್ಲ ಅಂದಿದ್ದರೆ ಸುಮ್ಮನಾಗಬಹುದಿತ್ತು. ಎರಡೂ ಆಗಲಿಲ್ಲ.

ಸಿಟ್ಟು ಬಂತು. ಇವರ ಮೇಲೆ, ನನ್ನ ಮೇಲೆ, ಆ ಒಂದು ಮಾತಿನ ಮೇಲೆ. ಸಭೆಯ ಹಿರಿಯರಾದ ವಿಮಲ ಆಂಟಿ ವಾರ್ಡಿಗೆ ಮೂಸಂಬಿ ತಂದು, ಕಾಯಿಲೆಗೂ ಸ್ತೋತ್ರ ಹೇಳಮ್ಮ, ಬಿಡುಗಡೆ ಸಿಗುತ್ತದೆ ಎಂದರು. ನಾನು ಬಾಟಲಿಗೆ ನೀರು ತುಂಬಿಸುವ ನೆಪದಲ್ಲಿ ಎದ್ದು ಹೋದೆ. ನಲ್ಲಿಯ ಮುಂದೆ ನಿಂತು ದೇವರನ್ನು ಕೇಳಿದೆ: ಈ ಮನುಷ್ಯ ಬಸ್ ಸೀಟಿಗೂ ನಿನ್ನನ್ನು ನೆನೆದರಲ್ಲ, ಅಷ್ಟು ಸ್ತೋತ್ರ ತಿಂದು ಏನು ಮಾಡಿದೆ?

ಹೀಗೆ ನಾನು ಹಿಂದೆಂದೂ ಪ್ರಾರ್ಥನೆ ಮಾಡಿರಲಿಲ್ಲ.

ವಾಪಸ್ ಬಂದಾಗ ನರ್ಸ್ ಚಾರ್ಟ್ ಹಿಡಿದು ನಿಂತಿದ್ದರು. ಹತ್ತರಲ್ಲಿ ನೋವು ಎಷ್ಟು ಎಂದು ಪ್ರತಿ ದಿನ ಕೇಳಿ ಬರೆಯುತ್ತಿದ್ದರು. ಆ ಅಂಕಿ ನೋಡಿಯೇ ಔಷಧಿ ಕೊಡುವುದು. ಇವರ ಹಣೆ ಬೆವರಿತ್ತು. ಮುಷ್ಟಿಯಲ್ಲಿ ಬೆಡ್‌ಶೀಟ್ ಮುದುಡಿತ್ತು.

"ಸ್ತೋತ್ರ, ಸಿಸ್ಟರ್. ಎರಡು" ಎಂದರು.

"ಒಂಬತ್ತು ಅಂತ ಬರ್ಕೊಳ್ಳಿ ಸಿಸ್ಟರ್" ಎಂದೆ.

ಪಕ್ಕದ ಬೆಡ್ಡಿನವರೂ ತಿರುಗಿ ನೋಡಿದರು. ಮದುವೆಯಾಗಿ ಇಪ್ಪತ್ತಾರು ವರ್ಷ, ನಾಲ್ಕು ಜನರ ಮುಂದೆ ಅವರ ಮಾತಿಗೆ ಎದುರಾಡಿದ್ದು ಅದೇ ಮೊದಲು. ನರ್ಸ್ ಪೆನ್ ಎತ್ತಿ ಹಿಡಿದು ಇಬ್ಬರನ್ನೂ ನೋಡಿದರು. ಯಜಮಾನರು ಕಣ್ಣು ಮುಚ್ಚಿದರು.

"ಒಂಬತ್ತಲ್ಲ ಕಣೇ" ಎಂದರು. "ಹತ್ತು."

ಮಾರ್ಫಿನ್ ಶುರುವಾಯಿತು. ಮೂರು ಗಂಟೆ ಹೊತ್ತು ಕಾಲು ಚಾಚಿ ಮಲಗಿದರು. ವಾರಗಳಿಂದ ಅವರು ಕಾಲು ಚಾಚಿರಲಿಲ್ಲ. ಎದ್ದ ಮೇಲೆ ಕಾಫಿ ಕೇಳಿದರು. ಒಂದು ಗುಟುಕು ಕುಡಿದು, ಆರಿಹೋಗಿದೆ, ಚೆನ್ನಾಗಿಲ್ಲ ಎಂದು ಮುಖ ಸಿಂಡರಿಸಿದರು. ಅವರ ಬಾಯಲ್ಲಿ ದೂರು ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಬಿಸಿ ಕಾಫಿ ತರಲು ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದು ಓಡಿದೆ.

ಅದಾಗಿ ಹನ್ನೊಂದು ದಿನ ಇದ್ದರು. ಅಷ್ಟೂ ದಿನ ಸರಿಯಾದ ಅಂಕಿಯನ್ನೇ ಹೇಳಿದರು. ನಾಲ್ಕು. ಆರು. ಒಮ್ಮೆ ಒಂದು.

ಬರುವ ಭಾನುವಾರ ಸಭೆಯಲ್ಲಿ ಸಾಕ್ಷಿ ಹೇಳಬೇಕೆಂದು, ದೇವರು ಮಾಡಿದ ಉಪಕಾರವನ್ನು ಎಲ್ಲರ ಮುಂದೆ ನೆನೆಯಬೇಕೆಂದು, ಸಭಾಪಾಲಕರು ಕೇಳಿದ್ದಾರೆ. ಹೇಳುತ್ತೇನೆ. ಪೆನ್ ಎತ್ತಿ ಹಿಡಿದು ಕಾದ ಆ ನರ್ಸ್‌ಗಾಗಿ ಸ್ತೋತ್ರ. ಚಾಚಿದ ಆ ಕಾಲುಗಳಿಗಾಗಿ ಸ್ತೋತ್ರ. ಚೆನ್ನಾಗಿಲ್ಲದ ಕಾಫಿಗೆ ಸ್ತೋತ್ರ. ಕಾಯಿಲೆಗೆ ಹೇಳುವುದಿಲ್ಲ. ವಿಮಲ ಆಂಟಿ ಮುಂದಿನ ಸಾಲಿನಲ್ಲಿ ಕೂತಿದ್ದರೂ ಹೇಳುವುದಿಲ್ಲ. ನನಗೆ ಎಷ್ಟು ಸಿಟ್ಟಿದೆ ಎಂಬುದು ದೇವರಿಗೆ ಗೊತ್ತು. ದಿನಾ ಹೇಳುತ್ತಿದ್ದೇನೆ. ಅವನು ಕೇಳುವುದನ್ನು ಬಿಟ್ಟಿಲ್ಲ ಎಂದುಕೊಂಡಿದ್ದೇನೆ.

ಊಟಕ್ಕೆ ಮುಂಚೆ ಈಗ ನಾನೇ ಪ್ರಾರ್ಥನೆ ಮಾಡುತ್ತೇನೆ. ಆಮೆನ್ ಅನ್ನಲು ಮನೆಯಲ್ಲಿ ಇನ್ನೊಬ್ಬರಿಲ್ಲ.