ಹನ್ನೊಂದನೇ ಮಹಡಿಗೆ ಬಂದ ಘಾಟು

ಮೊದಲೇ ಹೇಳಿಬಿಡುತ್ತೇನೆ, ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಅರಸೀಕೆರೆಯ ಒಂದು ಜೂನಿಯರ್ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದವಳು ನಾನು. ಸ್ಟಾಫ್ ರೂಮಿನಲ್ಲಿ ಯಾರಾದರೂ ಗಾಳಿ, ಮಾಟ, ಶಕುನ ಎಂದು ಶುರು ಮಾಡಿದರೆ, “ಒಂದು ಟೆಸ್ಟ್ ಟ್ಯೂಬಿನಲ್ಲಿ ಹಿಡಿದುಕೊಂಡು ಬನ್ನಿ ಸಾರ್, ನೋಡೋಣ” ಎಂದು ಬಾಯಿ ಮುಚ್ಚಿಸುತ್ತಿದ್ದೆ. ಇದು ನನಗೆ ಅಪ್ಪನಿಂದ ಬಂದ ಬುದ್ಧಿ. ಅಪ್ಪ ಹಳೇಬೀಡಿನ ಪಕ್ಕದ ಹುಲಿಕೆರೆಯಲ್ಲಿ ಮೇಷ್ಟರಾಗಿದ್ದವರು. ನಾನು ಹುಟ್ಟುವ ಮೊದಲೇ ಬೌದ್ಧರಾಗಿದ್ದರು. ಯಂತ್ರ, ತಾಯಿತ, ಹರಕೆ ಯಾವುದನ್ನೂ ನಮ್ಮ ಮನೆಯ ಹೊಸಿಲು ದಾಟಲು ಬಿಟ್ಟವರಲ್ಲ. ಅವ್ವ ಮಾತ್ರ ಒಳಗೊಳಗೇ ಗೊಣಗಿಕೊಂಡು ಇರುತ್ತಿದ್ದಳು.

ಈಗ ನಾನೇ ಅಂಥ ಒಂದು ಕಥೆ ಹೇಳಲು ಕೂತಿದ್ದೇನೆ. ನಗುವವರು ನಗಬಹುದು. ನಾನಾಗಿದ್ದರೂ ನಗುತ್ತಿದ್ದೆ.

ಇದು ನಡೆದು ಇಪ್ಪತ್ತು ವರ್ಷದ ಮೇಲಾಯಿತು. ನಮ್ಮ ಜಿಲ್ಲೆಯ ಹದಿನಾರು ಜನ ಬೌದ್ಧರು ಸೇರಿ ಥಾಯ್ಲೆಂಡಿನ ವಿಹಾರಗಳನ್ನು ನೋಡಲು ಹೊರಟೆವು. ನಾನೂ ನಮ್ಮ ಯಜಮಾನರೂ ಅದರಲ್ಲಿದ್ದೆವು. ಅವರು ಸರ್ವೆ ಇಲಾಖೆಯವರು. ಬೇಲೂರು ತಾಲ್ಲೂಕಿನ ಹೊಲಗದ್ದೆಯನ್ನೆಲ್ಲ ಕಾಲಲ್ಲೇ ಅಳೆದವರು, ಆದರೆ ನೆಲ ಬಿಟ್ಟು ಮೇಲೆ ಹೋದದ್ದು ಅದೇ ಮೊದಲು. ವಿಮಾನ ಏರುವಾಗ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದರೆಂದರೆ ಬಳೆ ಒತ್ತಿದ ಗುರುತು ಎರಡು ದಿನ ಇತ್ತು. ಕೆಳಗೆ ಇಳಿದ ಮೇಲೆ ಮಾತ್ರ, “ಏನಿಲ್ಲ, ನಮ್ಮ ಹಾಸನದ ಬಸ್ಸಿಗಿಂತ ವಾಸಿ” ಎಂದರು. ಆ ಎಂಟು ದಿನ ನಾವು ಮಕ್ಕಳ ಹಾಗೆ ಕುಣಿದಾಡಿದೆವು ಅಂತಲೇ ಹೇಳಬೇಕು. ಮಲಗಿದ ಬುದ್ಧನ ಪಾದದ ಉದ್ದ ಎಷ್ಟು ಹೆಜ್ಜೆ ಎಂದು ಇವರು ಅಳೆಯಲು ಹೋಗಿ ಕಾವಲಿನವನಿಂದ ಬೈಸಿಕೊಂಡರು.

ಆ ವರ್ಷ ಪೂರ್ವದ ದೇಶಗಳಲ್ಲಿ ಒಂದು ಹೊಸ ಜ್ವರದ ಸುದ್ದಿ ಹರಡಿತ್ತು. ನಾವು ಹೊರಡುವಾಗ ಅದು ಪೇಪರಿನ ಒಂದು ಮೂಲೆಯಲ್ಲಿತ್ತು. ವಾಪಸ್ ಬರಲು ಬ್ಯಾಂಕಾಕಿನ ವಿಮಾನ ನಿಲ್ದಾಣಕ್ಕೆ ಹೋದಾಗ ಎಲ್ಲರ ಮುಖದ ಮೇಲೂ ಬಟ್ಟೆ, ಬೋರ್ಡಿನ ತುಂಬ ರದ್ದು, ರದ್ದು, ರದ್ದು. ನಮ್ಮ ವಿಮಾನವೂ ರದ್ದು. ನಮ್ಮ ತಂಡದ ಮುಖಂಡರು ಓಡಾಡಿ, ಕಾಡಿ ಬೇಡಿ, ಚೆನ್ನೈಗೆ ಹೋಗುವ ಇನ್ನೊಂದು ವಿಮಾನದಲ್ಲಿ ಹದಿನಾಲ್ಕು ಸೀಟು ಗಿಟ್ಟಿಸಿದರು. ಇಬ್ಬರು ಉಳಿಯಬೇಕಿತ್ತು. ಇವರು ತಟ್ಟನೆ ಮುಂದೆ ಬಂದು, “ವಯಸ್ಸಾದೋರು ಹೋಗ್ಲಿ ಬಿಡಿ. ನಾವಿನ್ನೂ ಗಟ್ಟಿಯಾಗಿದೀವಿ” ಎಂದುಬಿಟ್ಟರು. ಆಗಲೇ ಬೆಳಗಿನಿಂದ ಹೊಟ್ಟೆ ನೋಯುತ್ತಿತ್ತಂತೆ. ಅದನ್ನು ನನ್ನ ಹತ್ತಿರವೂ ಹೇಳಿರಲಿಲ್ಲ.

ವಿಮಾನದ ಕಂಪನಿಯವರು ನಮ್ಮನ್ನು ಹತ್ತಿರದ ಹೋಟೆಲೊಂದರ ಹನ್ನೊಂದನೇ ಮಹಡಿಯಲ್ಲಿ ಇರಿಸಿದರು. ನಾಳೆಯೋ ನಾಡಿದ್ದೋ ಕಳಿಸುತ್ತೇವೆ ಎಂದರು. ತೆರೆಯಲು ಬರದ ಗಾಜಿನ ಕಿಟಕಿ, ತಣ್ಣನೆ ಕೋಣೆ. ಅಂದು ಸಂಜೆ ಇವರು ಊಟ ಬೇಡವೆಂದರು. ವಾಯು ಇರಬೇಕೆಂದು ಜೀರಿಗೆ ಜಗಿಯಲು ಕೊಟ್ಟೆ. ಬೆಳಗಾಗುವಷ್ಟರಲ್ಲಿ ಮೈ ಸುಡುತ್ತಿತ್ತು.

ಇಲ್ಲಿ ನಾನು ಮಾಡಿದ ತಪ್ಪನ್ನು ಮುಚ್ಚಿಡುವುದಿಲ್ಲ. ವಿಮಾನ ಹತ್ತುವವರ ಕಿವಿಗೆಲ್ಲ ಥರ್ಮಾಮೀಟರ್ ಇಟ್ಟು ನೋಡುತ್ತಿದ್ದ ಕಾಲ ಅದು. ಜ್ವರ ಕಂಡರೆ ಆ ಹೊಸ ರೋಗ ಎಂದು ಎಲ್ಲೋ ಒಯ್ದು ಕೂಡಿಹಾಕುತ್ತಾರೆ, ಇವರನ್ನು ಒಂದು ಕಡೆ ನನ್ನನ್ನು ಒಂದು ಕಡೆ ಮಾಡುತ್ತಾರೆ ಎಂದು ನನ್ನ ತಲೆಗೆ ಹೊಕ್ಕಿತು. ಇವರೂ ಅದನ್ನೇ ಹೇಳಿದರು: “ಬಾಯಿ ಬಿಡಬೇಡ ಕಣೇ. ಜ್ವರ ಇಳಿಸ್ಕೊಂಡು ವಿಮಾನ ಹತ್ತಿಬಿಡೋಣ. ಅರಸೀಕೆರೆಗೆ ಹೋಗಿ ನಮ್ಮ ಡಾಕ್ಟ್ರಿಗೇ ತೋರಿಸಿದ್ರಾಯ್ತು.” ನಾನು ಒಪ್ಪಿಕೊಂಡೆ. ಆರು ಗಂಟೆಗೊಂದು ಮಾತ್ರೆ ಕೊಟ್ಟು, ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತೆ. ಹೋಟೆಲಿನ ಹುಡುಗಿ ದಿನವೂ ಬಾಗಿಲಿಗೆ ಬಂದು ಕೈ ಮುಗಿದು, “ಜ್ವರವೇನೂ ಇಲ್ಲ ತಾನೇ ಮೇಡಂ?” ಎಂದು ಅವಳ ಇಂಗ್ಲಿಷಿನಲ್ಲಿ ಕೇಳುತ್ತಿದ್ದಳು. ನಾನು ನಗುನಗುತ್ತಾ ಇಲ್ಲವೆನ್ನುತ್ತಿದ್ದೆ. ಓದಿದವಳು, ಪಾಠ ಹೇಳುವವಳು, ಹಾಗೆ ಸುಳ್ಳು ಹೇಳಿದೆ.

ಎರಡು ದಿನವೂ ಹುಲಿಕೆರೆಗೆ ಫೋನ್ ಮಾಡಿದೆ. ವಿಮಾನ ರದ್ದಾಗಿದೆ, ಎಲ್ಲ ಚೆನ್ನಾಗಿದೆ ಎಂದೆ. ಜ್ವರದ ವಿಷಯ ಎತ್ತಲಿಲ್ಲ. ಅವ್ವ ಅಳಿಯನಿಗೆ ಕೊಡು ಎಂದರೆ, ಮಲಗಿದ್ದಾರೆ ಎಂದೆ.

ಮೂರನೆಯ ದಿನ ಸಂಜೆ ಇವರು ಕಣ್ಣು ಬಿಟ್ಟು, “ನೋವು ಹೋಯ್ತು ಕಣೇ” ಎಂದರು. ಮುಖದ ಬಿಗಿ ಸಡಿಲವಾಗಿತ್ತು. ಮೂರು ದಿನದಿಂದ ಮಡಿಚಿಕೊಂಡಿದ್ದ ಕಾಲನ್ನು ಚಾಚಿದರು. ನನಗೆ ಎಷ್ಟು ಖುಷಿಯಾಯಿತೆಂದರೆ ಮಂಚದ ಪಕ್ಕ ಕೂತು ಅತ್ತುಬಿಟ್ಟೆ. ಅಷ್ಟರಲ್ಲಿ ಕೆಳಗಿನಿಂದ ಫೋನ್ ಬಂತು. ನಾಳೆ ಮಧ್ಯಾಹ್ನ ವಿಮಾನ ಇದೆಯಂತೆ! ಗೆದ್ದೆವು ಎಂದುಕೊಂಡೆ. ಇವರು ನಿದ್ದೆ ಹೋದರು. ಬೆಳಗಿನವರೆಗೂ ಎಬ್ಬಿಸಬಾರದು, ಚೆನ್ನಾಗಿ ನಿದ್ದೆಯಾಗಲಿ ಎಂದು ತೀರ್ಮಾನ ಮಾಡಿ, ದೀಪ ಸಣ್ಣದು ಮಾಡಿ, ಬಟ್ಟೆ ಮಡಚುತ್ತಾ ಕೂತೆ.

ಗಂಟೆ ಎಂಟು. ಗಡಿಯಾರ ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಮಾತ್ರೆಯ ಹೊತ್ತಾಗಿತ್ತು, ಕೊಡಲೋ ಬೇಡವೋ ಎಂದು ಯೋಚಿಸುತ್ತಿದ್ದೆ.

ಇದ್ದಕ್ಕಿದ್ದಂತೆ ಗಂಟಲು ಹಿಡಿಯಿತು. ಕೆಮ್ಮಿದೆ. ಇನ್ನೊಮ್ಮೆ ಕೆಮ್ಮಿದೆ. ಕಣ್ಣಲ್ಲಿ ನೀರು ಸುರಿಯತೊಡಗಿತು. ಒಣಮೆಣಸಿನಕಾಯಿ ಸುಟ್ಟ ಘಾಟು! ಅದರ ಜೊತೆ ಸೀದ ಸಾಸಿವೆಯ ವಾಸನೆ. ಅನುಮಾನವೇ ಇಲ್ಲ, ನಮ್ಮೂರ ಕಡೆಯ ಹೆಂಗಸಿಗೆ ಆ ವಾಸನೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದೆರಡು ಕಾಯಿಯದಲ್ಲ, ಒಂದು ಹಿಡಿ ಕೆಂಡಕ್ಕೆ ಸುರಿದಂಥ ಘಾಟು. ಉಸಿರು ಕಟ್ಟಿ, ಸೆರಗು ಮೂಗಿಗೊತ್ತಿಕೊಂಡು ಬಾಗಿಲು ತೆಗೆದೆ.

ಹೊರಗೆ ಕೋಣೆಗಳ ನಡುವಿನ ಓಣಿಯಲ್ಲೂ ಅದೇ ಘಾಟು. ಒಂದೊಂದೇ ಬಾಗಿಲು ತೆರೆದು ಜನ ಕೆಮ್ಮುತ್ತಾ ಹೊರಗೆ ಬರುತ್ತಿದ್ದರು. ಟವೆಲ್ ಸುತ್ತಿಕೊಂಡ ಆರಡಿ ಎತ್ತರದ ಒಬ್ಬ ಬಿಳಿಯ ಗೋಡೆ ಹಿಡಿದು ನಿಂತು ಕೆಮ್ಮುತ್ತಿದ್ದ. ಎದುರು ಕೋಣೆಯ ಮುದುಕಿ ಸೀನಿದ್ದೇ ಸೀನಿದ್ದು. ಆ ವರ್ಷ ಒಬ್ಬ ಕೆಮ್ಮಿದರೆ ಊರೇ ಓಡುತ್ತಿತ್ತು, ಇಲ್ಲಿ ಓಣಿಗೆ ಓಣಿಯೇ ಕೆಮ್ಮುತ್ತಿದೆ! ಯಾರೋ ಕಿರುಚಿದರು. ಹೋಟೆಲಿನವರು ಬೆಂಕಿ ಎಂದುಕೊಂಡು ಸಿಲಿಂಡರ್ ಹೊತ್ತು ಓಡಿಬಂದರು. ಬೆಂಕಿ ಇಲ್ಲ, ಹೊಗೆಯೂ ಇಲ್ಲ, ಹೊಗೆ ಕಂಡರೆ ಕೂಗುವ ಗಂಟೆಯೂ ಕೂಗಿರಲಿಲ್ಲ. ಆದರೆ ಬಂದವರೂ ಕೆಮ್ಮತೊಡಗಿದರು. ಇದು ರೋಗವೇ ಎಂದು ಹೆದರಿ ಕೆಳಗಿನಿಂದ ಒಬ್ಬ ಲೇಡಿ ಡಾಕ್ಟರನ್ನು ಕರೆಸಿದರು. ಅವಳು ಕೋಣೆಯಿಂದ ಕೋಣೆಗೆ ಹೋಗಿ ಒಬ್ಬೊಬ್ಬರ ಕಿವಿಗೂ ಥರ್ಮಾಮೀಟರ್ ಇಡುತ್ತಾ ಬಂದಳು.

ನಾನು ಬಾಗಿಲಿಗೆ ಅಡ್ಡ ನಿಂತೆ. “ನಮ್ಮವರು ಮಲಗಿದ್ದಾರೆ, ಚೆನ್ನಾಗಿದ್ದಾರೆ” ಎಂದೆ. ನಿಜವಾಗಿ ಹಾಗೆಂದೆ. ಆ ಪುಟ್ಟ ಹೆಂಗಸು ನನ್ನನ್ನು ಮೊಣಕೈಯಲ್ಲಿ ಪಕ್ಕಕ್ಕೆ ಸರಿಸಿ ಒಳಗೆ ಹೋದಳು. ಇವರ ಹೊಟ್ಟೆಯ ಮೇಲೆ ಕೈಯಿಟ್ಟು ಒತ್ತಿದಳು. ಹೊಟ್ಟೆ ಹಲಗೆಯ ಹಾಗೆ ಗಟ್ಟಿಯಾಗಿತ್ತಂತೆ. ತಿರುಗಿ ನನ್ನನ್ನು ನೋಡಿದ ನೋಟವನ್ನು ನಾನು ಮರೆತಿಲ್ಲ. ಎರಡು ಗಂಟೆಯೊಳಗೆ ಇವರು ಆಸ್ಪತ್ರೆಯ ಆಪರೇಷನ್ ಮೇಜಿನ ಮೇಲಿದ್ದರು.

ಅಪೆಂಡಿಕ್ಸ್ ಒಡೆದಿತ್ತು. ನೋವು ಹೋಯಿತು ಎಂದು ನಾನು ಅತ್ತು ಸಂಭ್ರಮಪಟ್ಟೆನಲ್ಲ, ಅದು ಒಡೆದ ಗಳಿಗೆ. ಒಡೆದಾಗ ಸ್ವಲ್ಪ ಹೊತ್ತು ಹಾಗೆ ಹಾಯೆನಿಸುತ್ತದಂತೆ. ಬೆಳಗಿನವರೆಗೆ ಬಿಟ್ಟಿದ್ದರೆ ಬದುಕುತ್ತಿರಲಿಲ್ಲ ಎಂದು ಸರ್ಜನ್ ಬಿಡಿಸಿ ಹೇಳಿದರು. ಎಬ್ಬಿಸಬಾರದು ಎಂದು ತೀರ್ಮಾನ ಮಾಡಿ ಕೂತಿದ್ದವಳು ನಾನೇ.

ಮರುದಿನ ಬೆಳಿಗ್ಗೆ ಇವರಿಗೆ ಎಚ್ಚರವಾದ ಮೇಲೆ ಆಸ್ಪತ್ರೆಯಿಂದ ಹುಲಿಕೆರೆಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವ್ವ ಕೇಳಿದಳು:

“ಅಳಿಯಂದ್ರು ಹೆಂಗವ್ರವ್ವ?”

“ಯಾಕವ್ವ ಹಾಗ್ ಕೇಳ್ತಿ?”

“ಎರಡ್ ದಿನದಿಂದ ಮಲಗವ್ರೆ ಮಲಗವ್ರೆ ಅಂತಿದ್ಯಲ್ಲ. ಫೋನ್ ಅಂದ್ರೆ ಕಿತ್ಕೊಂಡ್ ಮಾತಾಡೋರು ಅವ್ರು. ನಂಗೆ ಜೀವ ನಿಲ್ಲಲಿಲ್ಲ. ನೆನ್ನೆ ಸಂಜೆ ಅವರ ಅಂಗಿ ಇಟ್ಕೊಂಡು ದೃಷ್ಟಿ ತೆಗುದ್ವಿ. ಊರೆಲ್ಲ ಫಾರಿನ್ನು ಫಾರಿನ್ನು ಅಂತ ಕಣ್ಣು ಹಾಕವ್ರೆ. ಒಂದ್ ಹಿಡಿ ಮೆಣಸಿನಕಾಯಿ, ಉಪ್ಪು, ಸಾಸಿವೆ, ಎಲ್ಲಾ ಕೆಂಡಕ್ಕಾಕಿದ್ರೆ ಒಂಚೂರೂ ಘಾಟು ಬರ್ಲಿಲ್ಲ ಕಣೇ! ಒಲೆ ಮುಂದೆ ಕೂತೋರು ಒಂದ್ಸಲನೂ ಕೆಮ್ಲಿಲ್ಲ. ಎಂಥಾ ದೃಷ್ಟಿ ಇರಬ್ಯಾಡ!”

ಘಾಟು ಬರದಿದ್ದರೆ ದೃಷ್ಟಿ ಆಗಿದೆ ಎಂದು ನಮ್ಮ ಕಡೆ ಲೆಕ್ಕ. ನಾನು ಅದನ್ನು ಕೇಳಿ ಎಷ್ಟು ಸಲ ನಕ್ಕಿಲ್ಲ! ಆದರೆ ಅಂದು ನಗಲಿಲ್ಲ. ಎಷ್ಟು ಹೊತ್ತಿನಲ್ಲಿ ಎಂದು ಕೇಳಿದೆ. “ಹಳೇಬೀಡಿನ ಸಂಜೆ ಬಸ್ಸು ಹೋಯ್ತಲ್ಲ, ಆವಾಗ” ಎಂದಳು. ಆ ಬಸ್ಸು ಹೋಗುವುದು ಆರೂವರೆಗೆ. ಬ್ಯಾಂಕಾಕಿನಲ್ಲಿ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ಬೆರಳು ಮಡಚಿ ಎರಡು ಸಲ ಎಣಿಸಿದೆ. ಎರಡು ಸಲವೂ ಎಂಟೇ ಬಂತು.

ನಾನು ಸುಮ್ಮನೆ ಬಿಡುವವಳಲ್ಲ. ಹೋಟೆಲಿಗೆ ಹೋಗಿ ವಿಚಾರಿಸಿದೆ. ಅಡುಗೆಮನೆ ನೆಲಮಹಡಿಯಲ್ಲಿತ್ತು, ಬೇರೆ ಯಾವ ಮಹಡಿಗೂ ಘಾಟು ಬಂದಿರಲಿಲ್ಲ. ಅವರಿಗೂ ನನ್ನ ಮೇಲೇ ಅನುಮಾನ, ನಾನು ಇಲ್ಲದಾಗ ಕೋಣೆ ಜಾಲಾಡಿದ್ದರು. ಸಿಕ್ಕಿದ್ದು ಚಟ್ನಿಪುಡಿಯ ತೊಳೆದಿಟ್ಟ ಖಾಲಿ ಡಬ್ಬಿ. ಮುಂದೆ ನಮ್ಮ ಫಿಸಿಕ್ಸ್ ಮೇಷ್ಟ್ರು, ಯಾರೋ ಆತ್ಮರಕ್ಷಣೆಗೆ ಇಟ್ಟುಕೊಳ್ಳುವ ಖಾರದ ಸ್ಪ್ರೇ ಹೊಡೆದಿರಬೇಕು ಮೇಡಂ ಎಂದರು. ಇರಬಹುದು. ಆದರೆ ಅದರಲ್ಲಿ ಸೀದ ಸಾಸಿವೆ ಎಲ್ಲಿಂದ ಬರಬೇಕು?

ಇನ್ನೊಂದು ಸಂಗತಿ ತಿಳಿದದ್ದು ಇವರು ಸ್ವಲ್ಪ ಸುಧಾರಿಸಿಕೊಂಡ ಮೇಲೆ. ಅಂಥ ಘಾಟಿನಲ್ಲಿ ಹೇಗೆ ಮಲಗಿದ್ದಿರಿ ಎಂದೆ. “ಯಾವ ಘಾಟು?” ಎಂದರು. ಗಲಾಟೆಗೆ ಎಚ್ಚರವಾಗಿ ಎಲ್ಲ ನೋಡುತ್ತಲೇ ಇದ್ದರಂತೆ. “ನೀವೆಲ್ಲ ಕೆಮ್ಮೋದ್ ನೋಡಿ, ಅಯ್ಯೋ ಇವರಿಗೆಲ್ಲ ಆ ಹೊಸ ರೋಗ ಬಂತಲ್ಲಪ್ಪ, ನಾನೊಬ್ನೇ ಉಳ್ಕೊಂಡೆ ಅಂದ್ಕೊಂಡೆ” ಎಂದು ಹೊಲಿಗೆ ಹಿಡಿದುಕೊಂಡು ನಕ್ಕರು. ಅವರ ಮೂಗಿಗೆ ಏನೂ ಬಡಿದಿರಲಿಲ್ಲ.

ಊರಿಗೆ ಬಂದ ಮೇಲೆ ಮೊದಲು ಮಾಡಿದ ಕೆಲಸ ಪ್ರಯೋಗ. ಹುಲಿಕೆರೆಯ ಮನೆಯಲ್ಲಿ ಅದೇ ಒಲೆ, ಅದೇ ಚೀಲದ ಮೆಣಸಿನಕಾಯಿ, ಅವ್ವ ತೋರಿಸಿದಷ್ಟೇ ಒಂದು ಹಿಡಿ, ಅದೇ ಆರೂವರೆ. ಕೆಂಡಕ್ಕೆ ಹಾಕಿದ್ದೇ ತಡ, ಮನೆ ಮಂದಿಯೆಲ್ಲ ಬೀದಿಗೆ ಬಿದ್ದೆವು. ಕೊಟ್ಟಿಗೆಯಲ್ಲಿದ್ದ ಎಮ್ಮೆಯೂ ಸೀನಿತು. ಪಕ್ಕದ ಮನೆಯವರು ಬೈದುಕೊಂಡು ಹೊರಗೆ ಬಂದರು. ಮೆಣಸಿನಕಾಯಿ ಚೆನ್ನಾಗೇ ಇತ್ತು.

ಕಣ್ಣೊರೆಸಿಕೊಳ್ಳುತ್ತಾ ಜಗಲಿಯ ಮೇಲೆ ಕೂತಾಗ ಅವ್ವನನ್ನು ಕೇಳಿದೆ, “ಅಪ್ಪ ಮನೇಲಿ ಇರ್ಲಿಲ್ವಾ ಅವತ್ತು? ಅವರ ಎದುರಿಗೆ ದೃಷ್ಟಿ ತೆಗೆಯೋ ಧೈರ್ಯ ಹೆಂಗ್ ಬಂತು ನಿಂಗೆ?”

ಅವ್ವ ಅಪ್ಪನ ಕಡೆ ನೋಡಿದಳು. “ನಾನೆಲ್ಲಿ ತೆಗ್ದೆ? ತೆಗ್ದಿದ್ದು ನಿಮ್ಮಪ್ಪ.”

ನನಗೆ ನಂಬಲಾಗಲಿಲ್ಲ. ಅಪ್ಪ! ನಾಯಿ ಕಣ್ಣು ನರಿ ಕಣ್ಣು ಎಂದು ಹೇಳುತ್ತಾ ಅಂಗಿಗೆ ನಿವಾಳಿಸುತ್ತಿರುವ ಅಪ್ಪನನ್ನು ಕಲ್ಪಿಸಿಕೊಳ್ಳಲೂ ಆಗಲಿಲ್ಲ. ಅಪ್ಪ ತಲೆ ತಗ್ಗಿಸಲಿಲ್ಲ, ನಾಚಿಕೊಳ್ಳಲೂ ಇಲ್ಲ.

“ನಾನೇನ್ ನಂಬಿ ಮಾಡ್ಲಿಲ್ಲ ಕಣವ್ವ,” ಎಂದರು. “ಮಧ್ಯಾಹ್ನದಿಂದ ಒಂದೇ ಸಮ ಅಳ್ತಾ ಕೂತಿದ್ಲು ಇವಳು. ಅಳು ನಿಲ್ಲಲಿ ಅಂತ ಮಾಡ್ದೆ, ಅಷ್ಟೆ.”

“ಹಾಗಾದ್ರೆ ಘಾಟು ಯಾಕ್ ಬರ್ಲಿಲ್ಲ ಅಪ್ಪ?”

ನಾನು ಚಿಕ್ಕವಳಿದ್ದಾಗಿನಿಂದ ಏನು ಕೇಳಿದರೂ ಅಪ್ಪನ ಹತ್ತಿರ ಉತ್ತರ ಇರುತ್ತಿತ್ತು. ಗ್ರಹಣಕ್ಕೆ, ಗುಡುಗಿಗೆ, ಕನಸಿಗೆ, ಎಲ್ಲಕ್ಕೂ. ಅಂದು ಮಾತ್ರ ಎದ್ದು ಒಳಗೆ ಹೋಗಿ ಒಲೆಯ ಕೆಂಡಕ್ಕೆ ನೀರು ಚಿಮುಕಿಸಿ ಬಂದರು. ಆಮೇಲೆ, “ನನ್ ಓದು ಮುಗೀತು. ನೀನು ಓದಿರೋಳು, ನೀನೇ ಹೇಳವ್ವ” ಎಂದರು.

ಆಮೇಲೂ ಅವರು ಹಲವು ವರ್ಷ ಬದುಕಿದ್ದರು. ರಜೆಗೆ ಹೋದಾಗಲೆಲ್ಲ ಒಂದು ಸಲ ನನ್ನ ಮುಖ ನೋಡುತ್ತಿದ್ದರು, ಏನಾದರೂ ಹೊಳೆಯಿತೇ ಎನ್ನುವ ಹಾಗೆ. ನಾನು ತಲೆ ಅಲ್ಲಾಡಿಸುತ್ತಿದ್ದೆ. ಹೇಳಲು ನನಗೆ ಇನ್ನೂ ಬಂದಿಲ್ಲ.