ಲಾಜರ್ ಪೊರ್ಬುಗಳ ಎಡಗಿವಿ

ಮೊನ್ನೆ ಉಡುಪಿಯ ಗುಜರಿ ಅಂಗಡಿಯೊಂದರಲ್ಲಿ ಸೈಕಲ್ಲಿಗೆ ಸಿಕ್ಕಿಸುವ ಹಳೆಯ ಸೀಮೆಎಣ್ಣೆ ದೀಪ ಕಂಡು, ಕೈಗೆತ್ತಿಕೊಂಡು ಮೂಸಿದೆ. ಗುಜರಿ ಮೂಸುವ ಮುದುಕಿಯನ್ನು ಅಂಗಡಿಯವನು ವಿಚಿತ್ರವಾಗಿ ನೋಡಿದ, ನೋಡಲಿ. ನಿಮಗೆ ಗೊತ್ತಿರಲಿಕ್ಕಿಲ್ಲ, ಐವತ್ತರ ದಶಕದಲ್ಲಿ ಕತ್ತಲಾದ ಮೇಲೆ ದೀಪವಿಲ್ಲದೆ ಸೈಕಲ್ ತುಳಿದರೆ ಪೊಲೀಸರು ಹಿಡಿಯುತ್ತಿದ್ದರು.

ನಾನಾಗ ಕಾರ್ಕಳ ರಸ್ತೆಯ ಒಂದು ಊರಿನಲ್ಲಿ ಹೊಸ ಟೀಚರು. ನೆರೆಮನೆಯ ಲಾಜರ್ ಪೊರ್ಬುಗಳು ಮದುವೆಗಳಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದರು. ನಮ್ಮ ಕಡೆ ಕ್ರೈಸ್ತರನ್ನು ಗೌರವದಿಂದ ಪೊರ್ಬುಗಳು ಎನ್ನುವುದು. ಒಂದು ಸಂಜೆ ಪೇದೆಯೊಬ್ಬ ಪೇಟೆಯ ನಡುವೆ ಅವರನ್ನು ತಡೆದು, ದೀಪವೆಲ್ಲಿ ಎಂದ. ಇನ್ನೂ ಬೆಳಕುಂಟಲ್ಲ ಎಂದರು ಪೊರ್ಬುಗಳು. ಅಷ್ಟಕ್ಕೆ ಬಾರಿಸಿದ. ಏಟು ಕಿವಿಗೆ ಬಿದ್ದು ಎಡಗಿವಿ ಕೇಳದಾಯಿತು. ಪೊರ್ಬುಗಳು ಕ್ಲಾರಿನೆಟ್ಟನ್ನು ಪೆಟ್ಟಿಗೆಯೊಳಗಿಟ್ಟು, ಮಾತನ್ನೂ ಬಿಟ್ಟರು.

ಪೊಲೀಸರ ತಂಟೆ ಬೇಡ ಎಂದಿತು ಊರು. ಅವರ ಹೆಂಡತಿ ಸೆರಫಿನ್ ಬಾಯಿ ಕೇಳಲಿಲ್ಲ. ಠಾಣೆಯಲ್ಲಿ ದೂರು ತೆಗೆದುಕೊಳ್ಳದೆ ಕಳಿಸಿದಾಗ, ಪೊಲೀಸ್ ಮೇಲಧಿಕಾರಿ ಕಾರ್ಕಳದ ಸರಕಾರಿ ಬಂಗಲೆಗೆ ಬರುವ ದಿನ ವಿಚಾರಿಸಿ ನನ್ನನ್ನೂ ಹೊರಡಿಸಿದರು. ಅವರಿಗೆ ಕೊಂಕಣಿ, ತುಳು ಸರಾಗ, ಕನ್ನಡಕ್ಕೆ ನಾನು. ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿದ ನನ್ನ ಭಾಷಣ ಅಧಿಕಾರಿಯ ಎದುರು ‘ಮಾನ್ಯರೇ’ ಎಂಬಲ್ಲಿಗೆ ನಿಂತುಹೋಯಿತು. ಸೆರಫಿನ್ ಬಾಯಿ ನನ್ನನ್ನು ಬದಿಗೆ ಸರಿಸಿ, ನಡೆದದ್ದನ್ನು ತಮ್ಮದೇ ಕನ್ನಡದಲ್ಲಿ ಹೇಳಿ ಮುಗಿಸಿದರು.

ಸಾಕ್ಷಿ ಯಾರೆಂದು ಅಧಿಕಾರಿ ಕೇಳಿದರು. ಪೇಟೆಯ ಜವಳಿ ವ್ಯಾಪಾರಿ ಹಮ್ಮಬ್ಬ ಬ್ಯಾರಿಗಳು ಅಂದು ಅಂಗಡಿಗೆ ಬೀಗ ಹಾಕಿ ನಮ್ಮ ಜೊತೆಗೇ ಬಂದಿದ್ದರು.

“ನನ್ನ ಅಂಗಡಿ ಎದುರೇ ಆದದ್ದು. ಎಲ್ಲಿ ಬೇಕಾದರೂ ಹೇಳ್ತೇನೆ,” ಎಂದರು.

ಅಧಿಕಾರಿ ಯೋಚಿಸಿ, ಆ ಪೇದೆಯನ್ನು ಬೇರೆ ಊರಿಗೆ ವರ್ಗ ಮಾಡುತ್ತೇನೆ, ಆಗಬಹುದೇ ಎಂದರು. ನಾನು ಆಗಲೇ ತಲೆಯಾಡಿಸಿದ್ದೆ.

“ಆ ಊರಿನವರಿಗೆ ಕಿವಿ ಇಲ್ಲವಾ ಸ್ವಾಮಿ?” ಎಂದರು ಸೆರಫಿನ್ ಬಾಯಿ.

ಅಧಿಕಾರಿ ಪೆನ್ನು ಕೆಳಗಿಟ್ಟು, ಮತ್ತೆ ಏನಾಗಬೇಕೆಂದು ಕೇಳಿದರು.

“ವಿಚಾರಣೆ ಆಗಬೇಕು. ಹೊಡೆದದ್ದು ಪೇಟೆಯಲ್ಲಿ. ತಪ್ಪಾಯಿತು ಅಂತ ಹೇಳುವುದೂ ಪೇಟೆಯಲ್ಲೇ ಆಗಬೇಕು.”

ವಿಚಾರಣೆ ನಡೆಯಿತು. ಹಮ್ಮಬ್ಬರು ಹೇಳಿದ ಮೇಲೆ ಇನ್ನೂ ಕೆಲವರಿಗೆ ಧೈರ್ಯ ಬಂತು. ಪೇದೆಯ ಬಡ್ತಿ ನಿಂತಿತು. ಒಂದು ಸಂತೆಯ ದಿನ ಅವನು ಇನ್ಸ್‌ಪೆಕ್ಟರರ ಪಕ್ಕದಲ್ಲಿ ನಿಂತು, ಪೊರ್ಬುಗಳ ಬಲಗಿವಿಗೆ ಕೇಳುವಷ್ಟು ಗಟ್ಟಿಯಾಗಿ ತಪ್ಪೊಪ್ಪಿಕೊಂಡ. ಎಡಗಿವಿ ಮರಳಲಿಲ್ಲ. ಆದರೆ ಪೊರ್ಬುಗಳು ಮುಂದಿನ ಮದುವೆಗೆ ಹೋದರು. ವಾದ್ಯದ ಸಾಲಿನ ಎಡತುದಿಯಲ್ಲಿ ನಿಂತು, ಜೊತೆಯವರ ಸ್ವರವನ್ನು ಬಲಗಿವಿಯಿಂದ ಕೇಳಿಸಿಕೊಳ್ಳುತ್ತ ನುಡಿಸಿದರು.

ಇದನ್ನೆಲ್ಲ ನೆನೆಯುತ್ತ ಮಣಿಪಾಲದ ಮನೆಗೆ ಬಂದರೆ ಮೇಲಿನ ಮನೆಯ ಹುಡುಗಿ ಮೆಟ್ಟಿಲ ಮೇಲೆ ಕೂತಿದ್ದಳು. ಮೊಬೈಲ್ ಕಳವಿನ ದೂರು ಕೊಡಲು ಹೋದಾಗ ಠಾಣೆಯಲ್ಲಿ ಒಬ್ಬ ಕೆಟ್ಟದಾಗಿ ಮಾತಾಡಿದನಂತೆ. ಮನೆಯವರು ಬಿಟ್ಟುಬಿಡು ಎನ್ನುತ್ತಾರಂತೆ. ಅವನ ಮೇಲಿನವರು ಇದ್ದಾರಲ್ಲ, ಅಲ್ಲಿಗೆ ಹೋಗುವ ಎಂದೆ. ಅವಳು ನನ್ನ ಊರುಗೋಲನ್ನು ನೋಡಿದಳು.

“ಮಾತು ನೀನೇ ಆಡಬೇಕು ಮಗಾ. ನಾನು ಪಕ್ಕದಲ್ಲಿ ಕೂತಿರ್ತೇನೆ,” ಎಂದೆ. ಅವಳು ಕಣ್ಣೊರೆಸಿಕೊಂಡು ರಿಕ್ಷಾ ಕರೆಯಲು ಎದ್ದಳು.