ಸವದತ್ತಿ ದಾರಿಯನ್ನು ಅಬ್ಬಾ ಬರೆಸಿದ ಸಂಜೆ

ನಲವತ್ತಮೂರನೆಯ ವಯಸ್ಸಿನಲ್ಲಿ ನಾನು ಕಾರು ಕಲಿತೆ. ಕಲಿಸಿದವರು ಬೈಲಹೊಂಗಲದವರೇ. ಊರ ಓಣಿಗಳಲ್ಲಿ ಒಂದು ತಿಂಗಳು ತಿರುಗಿಸಿ, ಕಡೆಯ ದಿನ ಕಿತ್ತೂರಿಗೆ ಕರೆದೊಯ್ದು ದೊಡ್ಡ ಹೆದ್ದಾರಿಗೆ ಬಿಟ್ಟರು. ಮಗ್ಗುಲಲ್ಲಿ ಲಾರಿ ಹಾದುಹೋದಾಗ ಕಾರು ಗಾಳಿಗೆ ಅಲುಗಿತು. ನಾನು ಎಷ್ಟು ಬಿಗಿಯಾಗಿ ಸ್ಟೇರಿಂಗ್ ಹಿಡಿದಿದ್ದೆನೆಂದರೆ ಮನೆಗೆ ಬಂದು ಚಹಾ ಕಪ್ಪು ಎತ್ತುವಾಗಲೂ ಬೆರಳು ಮಡಚಿಕೊಂಡೇ ಇದ್ದವು. ಆದರೂ ಲೈಸೆನ್ಸ್ ಸಿಕ್ಕಿತು. ಸೆಕೆಂಡ್ ಹ್ಯಾಂಡ್ ಕಾರೊಂದು ಅಂಗಳಕ್ಕೆ ಬಂತು. ಮನೆಯಿಂದ ನಾನು ಕಲಿಸುವ ಸಾಲಿಗೆ, ಸಾಲಿಯಿಂದ ಮನೆಗೆ, ಅಷ್ಟೇ ಓಡಿಸುತ್ತಿದ್ದೆ.

ಹೀಗಿರುವಾಗ ಸವದತ್ತಿಯಲ್ಲಿ ಚಿಕ್ಕಮ್ಮನ ಮಗಳ ಮದುವೆ ಬಂತು, ಭಾನುವಾರ ಮುಂಜಾನೆ. ನನ್ನ ಗಂಡನ ಬಟ್ಟೆ ಅಂಗಡಿ ರಾಮದುರ್ಗದಲ್ಲಿ. ವಾರದ ದಿನಗಳಲ್ಲಿ ಅವರು ಅಲ್ಲೇ ಇರುತ್ತಾರೆ. ಫೋನಿನಲ್ಲಿ ಅಂದರು: "ನಾ ಇಲ್ಲಿಂದ ನೆಟ್ಟಗ ಸವದತ್ತಿಗೆ ಬರತೇನಿ. ನೀ ಎಲ್ಲಾರನ್ನೂ ಕಾರಿನಾಗ ಕರಕೊಂಡು ಬಾ. ಇನ್ನ ಯಾವಾಗ ಹೊಡಿಯಾಕಿ ಊರ ಹೊರಗ?"

ಎಲ್ಲಾರು ಎಂದರೆ ನಮ್ಮ ಅಬ್ಬಾ, ಅಮ್ಮಿ ಮತ್ತು ಹದಿಮೂರು ವರ್ಷದ ನನ್ನ ಮಗಳು. ಬೈಲಹೊಂಗಲದ ಮನೆ ಅಬ್ಬಾ ಕಟ್ಟಿಸಿದ್ದು, ನಾವು ಅವರ ಜೊತೆ ಇದ್ದೇವೆ. ಅಬ್ಬಾ ಮೂವತ್ತು ವರ್ಷ ಟೆಂಪೊ ಓಡಿಸಿದವರು. ಬೈಲಹೊಂಗಲದ ಪೇಟೆಯಿಂದ ಕಿರಾಣಿ ಮಾಲು ಹೇರಿಕೊಂಡು ಮನೋಳಿ, ಸವದತ್ತಿ ಅಂಗಡಿಗಳಿಗೆ ಇಳಿಸಿ ಬರುವುದು ಅವರ ದುಡಿಮೆ. ಮೊಣಕಾಲು ನೋವೆಂದು ಗಾಡಿ ಮಾರಿದರು. ಗಾಡಿ ಹೋದ ಮೇಲೆ ಕಣ್ಣು ಹೋದವು. ಕಾಚಬಿಂದು, ಕಣ್ಣೊಳಗಿನ ಒತ್ತಡ ಏರಿ ನೋಟ ಕೆಡಿಸುವ ರೋಗ, ಅಂದರು ಡಾಕ್ಟರು. ಈಗ ಅಬ್ಬಾನಿಗೆ ಕಾಣುವುದು ಬಾಗಿಲ ಕಡೆಯ ಬೆಳಕು ಮಾತ್ರ. ಇದು ನನಗೆ ಗೊತ್ತಿದ್ದ ಕಥೆ.

ಶುಕ್ರವಾರ ಸಂಜೆ ನಮಾಜು ಮುಗಿಸಿ ಬಂದ ಅಬ್ಬಾ ಮಂಚದ ಮೇಲೆ ಕುಂತು, "ಒಂದ ವಹಿ ತಗೊಂಡ ಬಾ. ದಾರಿ ಬರಸತೇನಿ," ಎಂದರು.

"ಫೋನಿನಾಗ ಎಲ್ಲಾ ಬರತೈತಿ, ಅಬ್ಬಾ."

"ಫೋನಿಗೇನು ಗೊತ್ತು, ಯಾವ ತಿರುವಿನಾಗ ಕುರಿ ಅಡ್ಡ ಬರತಾವ ಅನ್ನೂದು? ಬರಕೋ."

ಅವರ ಮುಖ ಅರಳಿತ್ತು. ಎಷ್ಟೋ ದಿನದ ಮೇಲೆ ಅವರ ಕಸುಬಿನ ಮಾತು ಬಂದಿತ್ತು. ನಾನು ಮಗಳ ರಫ್ ವಹಿಯ ಕಡೆಯ ಹಾಳೆ ತೆರೆದೆ. ಮಗಳು ಪಕ್ಕದಲ್ಲಿ ಕುಂತು ಫೋನಿನ ನಕಾಶೆಯ ಮೇಲೆ ಬೆರಳಾಡಿಸುತ್ತ, ಅಜ್ಜ ಹೇಳಿದ್ದು ಸರಿಯೋ ತಪ್ಪೋ ನೋಡುತ್ತಿದ್ದಳು. ಅಮ್ಮಿ ಒಳಗಿನ ಹೊಸ್ತಿಲಲ್ಲಿ ಕುಂತು ಮೆಂತೆ ಸೊಪ್ಪು ಬಿಡಿಸುತ್ತಿದ್ದಳು.

ಅಬ್ಬಾ ಕೈಯನ್ನು ಗಾಳಿಯಲ್ಲಿ ಸ್ಟೇರಿಂಗ್‌ನಂತೆ ಹಿಡಿದು ಹೇಳಿದರು. ಊರು ಬಿಟ್ಟ ಮೇಲೆ ಮೊದಲ ಹಂಪ್ ಕಾಣುವುದಿಲ್ಲ, ಬಣ್ಣ ಬಳಿದಿಲ್ಲ. ಹತ್ತಿ ಗಿರಣಿ ದಾಟಿ ಸಣ್ಣ ಸೇತುವೆ, ಅಲ್ಲಿ ಎದುರಿನವರಿಗೆ ದಾರಿ ಕೊಡು. ಮನೋಳಿಯೊಳಗೆ ಸಂತೆಯಿದ್ದರೆ ಹಾರ್ನ್ ಹೊಡೆಯಬೇಡ, ಎತ್ತು ಬೆದರುತ್ತವೆ. ನಾನು ಒಂದೊಂದನ್ನೂ ಬರೆದೆ. ಮಗಳು "ಹೌದು ಅಜ್ಜಾ, ಕರೆಕ್ಟ್," ಅನ್ನುತ್ತಿದ್ದಳು. ಅಬ್ಬಾ ಮಗುವಿನಂತೆ ನಗುತ್ತಿದ್ದರು.

"ಮನೋಳಿ ದಾಟಿ ನವಿಲುತೀರ್ಥ ಬಂತಂದರ ಹುಷಾರಿ. ಅಣೆಕಟ್ಟಿನ ಹತ್ರ ಇಳಕಲ ಐತಿ. ಸೆಕೆಂಡ್ ಗೇರಿಗೆ ಬಾ. ಇಳಕಲ ಮುಗಿಯೂದಕ್ಕ ಹುಣಸೀಮರ, ಮರ ದಾಟಿದ ಕೂಡಲೆ ಎಡಕ್ಕ ಹೊಳ್ಳಬೇಕು."

"ಅಜ್ಜಾ, ಇಲ್ಲಿ ಎಡಕ್ಕ ಇಲ್ಲ," ಅಂದಳು ಮಗಳು. "ಬಲಕ್ಕ ತೋರಸಾಕತ್ತೈತಿ. ದೊಡ್ಡ ತಿರುವು."

"ರಸ್ತೆ ಅಗಲ ಮಾಡ್ಯಾರಲ್ಲ, ಅದಕ್ಕ," ಎಂದೆ ನಾನು. "ಅಬ್ಬಾ ಗಾಡಿ ಬಿಟ್ಟ ಮ್ಯಾಲೆ ಬದಲಿ ಆಗಿರಬೇಕು."

ಅಮ್ಮಿ ಸೊಪ್ಪಿನಿಂದ ತಲೆ ಎತ್ತದೆ ಅಂದಳು: "ಬಿಟ್ಟ ಮ್ಯಾಲಲ್ಲ. ಇವರು ಓಡಸೂವಾಗನ ಆಗಿದ್ದದು. ಹುಣಸೀಮರ ಕಡದು, ಗುಡ್ಡಾ ಒಡದು, ಬಲಕ್ಕ ತಿರುವು ತಗದರು. ಎರಡು ವರ್ಷ ಆ ಹೊಸಾ ದಾರಿ ಮ್ಯಾಲೇನ ತಿರಗೇವಿ."

ನಾನು ನಕ್ಕೆ. "ಮತ್ತ ಅಬ್ಬಾನಿಗೆ ಹೆಂಗ ಗೊತ್ತಿಲ್ಲ?"

"ಕಂಡಿದ್ದರ ಅಲ್ಲ, ಗೊತ್ತಾಗೂದು."

ಹೇಳಿದ ಮೇಲೆ ಅಮ್ಮಿಯ ಕೈ ನಿಂತಿತು. ಅಬ್ಬಾನ ಕೈ ಇನ್ನೂ ಗಾಳಿಯಲ್ಲೇ ಇತ್ತು. ನಿಧಾನಕ್ಕೆ ಕೆಳಗಿಳಿದು ತೊಡೆಯ ಮೇಲೆ ಕುಂತಿತು. ನನಗೆ ಕೂಡಲೇ ಅರ್ಥವಾಗಲಿಲ್ಲ. ಪೆನ್ನು ಹಾಳೆಯ ಮೇಲೇ ಇತ್ತು. ಒಂದೊಂದೇ ಮಾತನ್ನು ಮತ್ತೆ ಕೂಡಿಸಿ ನೋಡಿದೆ. ಅಬ್ಬಾ ಎರಡು ವರ್ಷ ಆ ತಿರುವಿನಲ್ಲಿ ಗಾಡಿ ಓಡಿಸಿದ್ದಾರೆ. ಆ ತಿರುವನ್ನು ಅವರು ನೋಡಿಲ್ಲ.

"ಅಬ್ಬಾ," ಎಂದೆ. "ಕಣ್ಣು ಹೋಗಿದ್ದು ಗಾಡಿ ಮಾರಿದ ಮ್ಯಾಲೆ ಅಲ್ಲ?"

"ಪೂರಾ ಹೋಗಿದ್ದು ಮಾರಿದ ಮ್ಯಾಲೆ," ಅಂದರು. "ಅದಕ್ಕೂ ಮೊದಲ ಮಗ್ಗಲಿಂದ ಕತ್ತಲಿ ಬರಾಕ ಹತ್ತಿತ್ತು. ಕೊಳವೀಯೊಳಗಿಂದ ನೋಡಿದಂಗ. ನಟ್ಟನಡಬರಕ ಇದ್ದಿದ್ದು ಅಷ್ಟ ಕಾಣತಿತ್ತು. ಕಡೀಕ್ಕ ಅದೂ ಮಂಜಾತು."

"ಮತ್ತ ಹೆಂಗ ಓಡಸತಿದ್ದಿ?"

"ನಿಮ್ಮಮ್ಮಿ ಹೇಳತಿದ್ದಳು. ಅಕಿ ಅಂದ ಕಡೆ ತಿರಗಸತಿದ್ದೆ, ತಲಿಯೊಳಗ ಮಾತ್ರ ಹಳೇ ದಾರೀನ ಉಳದೈತಿ."

ಅಮ್ಮಿ ಆ ಎರಡು ವರ್ಷ ಅಬ್ಬಾನ ಜೊತೆ ದಿನಾ ಟೆಂಪೊದಲ್ಲಿ ಹೋಗುತ್ತಿದ್ದುದು ನಮಗೆಲ್ಲ ಗೊತ್ತಿತ್ತು. ಸಕ್ಕರೆ ಕಾಯಿಲೆ ಐತಿ, ಹೊತ್ತಿಗೆ ಸರಿಯಾಗಿ ಊಟ ಕೊಡಬೇಕು ಎಂದು ಕಾರಣ ಹೇಳಿದ್ದಳು. ಓಣಿಯವರು ಮೆಚ್ಚಿ ಮಾತಾಡುತ್ತಿದ್ದರು. ನಾನೂ ರಾಮದುರ್ಗದಲ್ಲಿ ಅತ್ತೆಯ ಮುಂದೆ ಹೆಮ್ಮೆಯಿಂದ ಹೇಳಿಕೊಂಡಿದ್ದೆ.

ಆಮೇಲೆ ನೆನಪಾಯಿತು.

ಮಗಳಿಗೆ ಆಗ ಏಳು ತಿಂಗಳು. ಅವಳನ್ನೆತ್ತಿಕೊಂಡು ರಾಮದುರ್ಗದಿಂದ ಬಸ್ಸಿನಲ್ಲಿ ಸವದತ್ತಿಗೆ ಬಂದಿದ್ದೆ. ಅಲ್ಲಿಂದ ತವರಿಗೆ ಅಬ್ಬಾನ ಟೆಂಪೊ. ಅಬ್ಬಾ ಸ್ಟೇರಿಂಗಿಗೆ, ನಡುವೆ ಅಮ್ಮಿ, ಬಾಗಿಲ ಕಡೆಗೆ ನಾನು, ನನ್ನ ಮಡಿಲಲ್ಲಿ ಮಗು. ಸವದತ್ತಿ ಬಿಟ್ಟಾಗಿನಿಂದ ಅಮ್ಮಿ ಬಾಯಿ ಮುಚ್ಚಿರಲಿಲ್ಲ. "ಎಮ್ಮಿ ಬರಾಕತ್ತಾವ ನೋಡ್ರಿ. ಬಲಕ್ಕ ಸೈಕಲ್ಲು. ಮುಂದ ಬಸ್ಸು ನಿಂತೈತಿ, ಇಳಿಯಾಕತ್ತಾರ ಮಂದಿ." ಬಸ್ಸಿನ ಸದ್ದಿಗೆ ಅತ್ತು ಅತ್ತು ಮಗು ಆಗಷ್ಟೇ ಕಣ್ಣು ಮುಚ್ಚಿತ್ತು. ನನಗೆ ತಡೆಯಲಾಗಲಿಲ್ಲ.

"ಅಮ್ಮಿ, ಸ್ವಲ್ಪ ಸುಮ್ಮ ಕುಂದರ್ತಿ ಏನು? ಅಬ್ಬಾನಿಗೆ ಕಣ್ಣಿಲ್ಲೇನು?"

ಅಮ್ಮಿ ನನ್ನ ಕಡೆ ನೋಡಿದಳು. ಸುಮ್ಮನಾದಳು. ನವಿಲುತೀರ್ಥದ ತಿರುವು ಬಂತು. ಗಾಡಿ ತಿರುಗಲಿಲ್ಲ. ರಸ್ತೆ ಬಿಟ್ಟು, ಬದಿಯ ಕಲ್ಲಿಗೆ ಒರಸಿ, ಜಾಲಿ ಕಂಟಿಯೊಳಗೆ ನುಗ್ಗಿ ನಿಂತಿತು. ಕಂಟಿಯ ಆಚೆ ಇಳಿಜಾರು. ಅದರ ಕೆಳಗೆ ನೀರು. ಯಾರಿಗೂ ಏನೂ ಆಗಲಿಲ್ಲ, ಮಗು ಎಚ್ಚರಾಗಿ ಚೀರಿತು ಅಷ್ಟೇ. "ಸ್ಟೇರಿಂಗ್ ಜಗ್ಗಿತು," ಎಂದರು ಅಬ್ಬಾ. ನಾನು ನಂಬಿದೆ. ನಂಬಿ ಇಷ್ಟು ವರ್ಷ ಅದನ್ನು ನಗುವ ಕಥೆಯಾಗಿ ಹೇಳಿಕೊಂಡು ಬಂದಿದ್ದೆ, ನೋಡ್ರಿ, ನಮ್ಮ ಮಗಳು ಹಾಲು ಹಲ್ಲು ಬರುವ ಮೊದಲೇ ಆಕ್ಸಿಡೆಂಟ್ ನೋಡ್ಯಾಳ ಅಂತ.

"ಅವತ್ತ ಯಾಕ ಸುಮ್ಮನಾದಿ?" ಅಮ್ಮಿಯನ್ನು ಕೇಳಿದೆ.

"ನೀ ಹಂಗಂದ ಮ್ಯಾಲೂ ಮಾತಾಡಿದ್ದರ ನಿನಗ ಸಂಶಯ ಬರತಿತ್ತು. ಒಂದ ತಿರುವು ದಾಟಲಿ, ಆಮ್ಯಾಲೆ ಹೇಳಿದರಾತು ಅಂದ್ಕೊಂಡೆ. ಇವರು ಎಣಿಕಿ ಮ್ಯಾಲೆ ತಿರಗಸತಾರ ಅಂದ್ಕೊಂಡೆ."

"ನನಗ ತಿಳೀಬಾರದಂತ? ನನ್ನ ಕೂಸು ಇತ್ತಲ್ಲ ಅಮ್ಮಿ ಗಾಡಿಯೊಳಗ!"

ಮಗಳು ಫೋನು ಕೆಳಗಿಟ್ಟು ಒಬ್ಬೊಬ್ಬರ ಮುಖ ನೋಡುತ್ತಿದ್ದಳು. ಆ ಕೂಸು ತಾನೇ ಎಂದು ಅವಳಿಗೆ ಹೊಳೆದಿತ್ತು.

"ಒಬ್ಬರಿಗೂ ತಾಗಿಸಿಲ್ಲ ನಾ," ಎಂದರು ಅಬ್ಬಾ, ಸಣ್ಣ ದನಿಯಲ್ಲಿ.

"ತಾಗಿಲ್ಲ ಅನ್ನೂದು ನಿನಗ ಹೆಂಗ ಗೊತ್ತು?"

ಅಂಥ ಮಾತನ್ನು ನಾನು ಅಬ್ಬಾನಿಗೆ ಎಂದೂ ಆಡಿದವಳಲ್ಲ. ಉತ್ತರ ಅಮ್ಮಿ ಕೊಟ್ಟಳು: "ನನಗ ಗೊತ್ತು. ನನ್ನ ಕಣ್ಣು ನೆಟ್ಟಗಿದ್ದವು."

"ಮತ್ತ ಬಿಡಸಬೇಕಾಗಿತ್ತಲ್ಲ ನೀನು!"

ಆಗ ಅಮ್ಮಿ ಹೇಳಿದ್ದು, ಎಲ್ಲಕ್ಕಿಂತ ಅದೇ ನನ್ನನ್ನು ಕೂತಲ್ಲೇ ಕೂರಿಸಿತು. "ಮೊದಲ ಬಿಡಸಬೇಕಂತ ಹೋದೆ. ನಾಕ ದಿನ ಬರತೇನಿ, ಮನಸ ಒಲಸತೇನಿ ಅಂತ ಹತ್ತಿದೆ. ಆಮ್ಯಾಲೆ ಬಿಡಸೂದು ನನಗೂ ಬ್ಯಾಡಾತು. ಲಗ್ನಾಗಿ ಮೂವತ್ತು ವರ್ಷ ಮನೋಳಿ ಹೊಳಿ ಹೆಂಗೈತಿ ನೋಡಿದಾಕಿ ಅಲ್ಲ ನಾ. ದಿನಾ ಹೊಳಿ, ದಿನಾ ಗುಡ್ಡ, ಜ್ವಾಳದ ಹೊಲ. ಇವರು ನನ್ನ ಮಾತಿಗೆ ಗಾಡಿ ತಿರಗಸತಿದ್ದರು. ನನಗ ಚಲೋ ಅನಿಸತಿತ್ತು. ಖರೇ ಹೇಳತೇನಿ, ತಪ್ಪು ಇವರದಷ್ಟ ಅಲ್ಲ. ಕಂಟಿಯೊಳಗ ನಿಂತಾಗ ಕೂಸಿನ ಅಳು ಕೇಳಿ ಎಚ್ಚರಾತು ನನಗ. ಮನಿಗೆ ಬಂದ ದಿನಾನ ಕೀಲಿ ತಗೊಂಡು ಟ್ರಂಕಿನೊಳಗ ಹಾಕಿದೆ. ಮೊಣಕಾಲು ನೋವು ಅನ್ನೂದು ನಾನ ಹೇಳಿಕೊಟ್ಟ ಮಾತು."

ನಾನು ಎದ್ದು ಅಂಗಳಕ್ಕೆ ಹೋಗಿ ಕಾರಿನೊಳಗೆ ಕುಂತೆ, ಬಾಗಿಲು ಹಾಕಿಕೊಂಡು. ಸಾಲಿ ಬಿಟ್ಟು ಬರುವ ಮಕ್ಕಳು, ಹಾಲಿನ ಕ್ಯಾನಿನ ಸೈಕಲ್ಲು, ಕಿವಿ ಕೇಳದ ಮುದುಕಿ, ಆ ನಲವತ್ತು ಕಿಲೋಮೀಟರಿನಲ್ಲಿ ಎರಡು ವರ್ಷ ಯಾರೆಲ್ಲ ಅಡ್ಡ ಬಂದಿರಬಹುದು ಎಂದು ಎಣಿಸತೊಡಗಿದೆ. ಮಗಳು ಬಂದು ಪಕ್ಕದ ಸೀಟಿನಲ್ಲಿ ಕುಂತಳು. "ಮಮ್ಮಿ, ಅಜ್ಜಗ ಬಂದಿದ್ದು ನಿನಗೂ ಬರತೈತೇನು?" ಅಂದಳು.

ಆ ಮಾತು ಹೊಸದಲ್ಲ. ಅಬ್ಬಾನ ಕಣ್ಣು ನೋಡಿದ ಡಾಕ್ಟರು ಅವತ್ತೇ ಹೇಳಿದ್ದರು: ಇದು ಮನೆತನದಲ್ಲಿ ಇಳಿಯುವ ಕಾಯಿಲೆ, ಮಕ್ಕಳು ತೋರಿಸಿಕೊಳ್ಳಬೇಕು. ನಾನು ಮುಂದೂಡುತ್ತ ಬಂದಿದ್ದೆ. ಪರೀಕ್ಷೆ, ರಜೆ, ಹಬ್ಬ, ಕಾರು ಕಲಿಯುವುದು. ಎಲ್ಲದಕ್ಕೂ ಹೊತ್ತು ಸಿಕ್ಕಿತ್ತು.

ಶನಿವಾರ ಸಾಲಿಗೆ ರಜೆ ಹಾಕಿ ಮಗಳನ್ನು ಕರೆದುಕೊಂಡು ಆಸ್ಪತ್ರೆಗೆ ನಡೆದೇ ಹೋದೆ. ಕಾರು ಮುಟ್ಟುವ ಧೈರ್ಯವಿರಲಿಲ್ಲ. ಒಂದು ಡಬ್ಬಿಯೊಳಗೆ ಗದ್ದ ಇಡಿಸಿ, ಚುಕ್ಕಿ ಬೆಳಕು ಕಂಡಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಮಗಳ ಕಣ್ಣು ಚೆನ್ನಾಗಿದ್ದವು. ನನ್ನ ಕಾಗದವನ್ನು ಡಾಕ್ಟರು ಎರಡು ಸಲ ನೋಡಿದರು.

"ಕಣ್ಣಿನ ಒತ್ತಡ ಹೆಚ್ಚೈತ್ರಿ. ಎಡಗಣ್ಣಿನ ಅಂಚಿನಾಗ ಸ್ವಲ್ಪ ಶುರು ಆಗೇತಿ. ನಿಮಗ ಏನೂ ಗೊತ್ತಾಗಿಲ್ಲ?"

"ಇಲ್ಲ." ನಿಜವಾಗಿಯೂ ಇಲ್ಲ. ಕಿತ್ತೂರಿನ ಹೆದ್ದಾರಿಯಲ್ಲೂ ಇಲ್ಲ.

"ಗೊತ್ತಾಗೂದಿಲ್ಲ, ಅದಕ್ಕ ಇದು ಕೆಟ್ಟದ್ದು. ಚಲೋ ಆತು ಈಗ ಬಂದ್ರಿ. ದಿನಾ ಹನಿ ಹಾಕ್ರಿ, ತಪ್ಪಿಸಬ್ಯಾಡ್ರಿ. ಇಲ್ಲಿಗೇ ನಿಲ್ಲಸಬಹುದು."

"ಕಾರು ಓಡಸಬಹುದೇನ್ರಿ?"

"ಈಗ ಓಡಸಬಹುದು. ಆರು ತಿಂಗಳಿಗೊಮ್ಮೆ ಬರ್ರಿ. ನಾ ಬ್ಯಾಡ ಅಂದ ದಿನ ಬಿಡ್ರಿ."

ಹೊರಗಿನ ಬೆಂಚಿನ ಮೇಲೆ ಕುಂತು ಔಷಧದ ಚೀಟಿ ಹಿಡಿದುಕೊಂಡಾಗ, ಗುಂಡಿ ಒತ್ತದೆ ಬಿಟ್ಟ ಆ ಚುಕ್ಕಿಗಳು ಎಲ್ಲಿದ್ದವು ಎಂದು ಎಡಕ್ಕೆ ಕಣ್ಣು ಹೊರಳಿಸಿ ಹುಡುಕಿದೆ. ಎಲ್ಲವೂ ಕಂಡಿತು. ಅಬ್ಬಾನಿಗೂ ಮೊದಲು ಹೀಗೇ ಎಲ್ಲ ಕಂಡಿರಬೇಕು.

ಮನೆಗೆ ಬಂದು ಹೇಳಿದಾಗ ಅಬ್ಬಾ ಕೈಚಾಚಿ ನನ್ನ ಮುಖ ಹುಡುಕಿದರು. ರೆಪ್ಪೆಯ ಮೇಲೆ ಹೆಬ್ಬೆರಳು ಇಟ್ಟು, "ನಂದು ಕೊಟ್ಟೆನಲ್ಲ ನಿನಗ," ಎಂದು ಅತ್ತರು. ನನ್ನ ಕೋಪ ಆಗಲೂ ಹೋಗಿರಲಿಲ್ಲ. ಆದರೆ ಅವರ ಕೈ ಸರಿಸಲೂ ಆಗಲಿಲ್ಲ.

ಭಾನುವಾರ ಹೋದೆವು. ಬಸ್ಸಿಗೆ ಹೋಗೋಣ ಎಂದೆ, ಅಮ್ಮಿಯೇ ಒಪ್ಪಲಿಲ್ಲ. "ಡಾಕ್ಟರ ಓಡಸು ಅಂದಾರ. ನಾವು ಅವರನ್ನ ಕೇಳಲಿಲ್ಲ, ನೀ ಕೇಳಿ ಬಂದಿ. ನಡಿ." ನಿಧಾನಕ್ಕೆ ಓಡಿಸಿದೆ. ಹಿಂದಿನವರೆಲ್ಲ ಹಾರ್ನ್ ಹೊಡೆದು ಮುಂದೆ ಹೋದರು. ನವಿಲುತೀರ್ಥದ ಇಳಿಜಾರಿನಲ್ಲಿ ಬೆನ್ನು ಪೂರ್ತಿ ಒದ್ದೆಯಾಗಿತ್ತು. ತಿರುವು ಬಂತು, ತಿರುಗಿಸಿದೆ, ದಾಟಿತು. ಜಾಲಿ ಕಂಟಿಯ ಕಡೆ ನಾನು ನೋಡಲಿಲ್ಲ.

ಮದುವೆಯ ಊಟಕ್ಕೆ ಕುಂತಾಗ ಅಬ್ಬಾನ ಎದುರಿಗೆ ಸವದತ್ತಿಯ ಹಳೆಯ ಕಿರಾಣಿ ವ್ಯಾಪಾರಿಯೊಬ್ಬರು ಬಂದು ಕುಂತರು. ಅವರ ಅಂಗಡಿಗೆ ಅಬ್ಬಾ ಬಹಳ ವರ್ಷ ಮಾಲು ಇಳಿಸಿದ್ದರು. ವ್ಯಾಪಾರಿ ಸುತ್ತಲಿನ ಹುಡುಗರಿಗೆ ಕೇಳುವ ಹಾಗೆ ಜೋರಾಗಿ ಅಂದರು: "ಡ್ರೈವರ ಅಂದರ ಇವರಪಾ! ಈಗಿನವರಿಗೆ ಎರಡು ಕಣ್ಣಿದ್ದೂ ಗಾಡಿ ಹೊಡಿಯಾಕ ಬರೂದಿಲ್ಲ."

ಅಬ್ಬಾ ಎಲ್ಲರ ಹಾಗೆ ನಕ್ಕು ಸುಮ್ಮನಾಗಬಹುದಿತ್ತು. ಕೈಯಲ್ಲಿದ್ದ ತುತ್ತು ತಟ್ಟೆಗೆ ಇಟ್ಟರು.

"ಕಡೀ ಎರಡು ವರ್ಷ ನನಗ ಕಾಣತಿದ್ದಿಲ್ರೀ," ಅಂದರು. "ಕುಡ್ಡ ಆಗಿ ನಿಮ್ಮ ಅಂಗಡಿಗೆ ಗಾಡಿ ತರತಿದ್ದೆ. ನಿಮ್ಮ ಮಕ್ಕಳು ಆ ಕಟ್ಟೀ ಮುಂದ ಆಡತಿದ್ದರು."

ವ್ಯಾಪಾರಿ ಹಾಸ್ಯವೆಂದು ನಕ್ಕರು. ಅಬ್ಬಾನ ಮುಖ ನೋಡಿ ನಗು ನಿಲ್ಲಿಸಿದರು. ಅಮ್ಮಿಯ ಕಡೆ ನೋಡಿದರು, ಅವಳು ತಲೆಯಾಡಿಸಿದಳು. ಅವರು ಎದ್ದು, ತಟ್ಟೆ ಅಲ್ಲೇ ಬಿಟ್ಟು, ಕೈ ತೊಳೆಯುವ ಕಡೆಗೆ ಹೋದರು. ಅಲ್ಲಿ ನಳ ಬಿಟ್ಟುಕೊಂಡು ಬಹಳ ಹೊತ್ತು ನಿಂತಿದ್ದರು. ಅಬ್ಬಾ ನನ್ನನ್ನು ಕೇಳಿದರು: "ಹೋದರೇನು?"

"ಇಲ್ಲೇ ಅದಾರ, ಅಬ್ಬಾ," ಎಂದೆ. "ನಿಂತಾರ."